ಪ್ರಾರ್ಥನೆ ಮಾಡಿ ಹೇಳ್ತೀನಿ

ನಂಜನಗೂಡು
3 ಫೆಬ್ರವರಿ 2025

ಪ್ರೀತಿಯ ಅತ್ತೆಗೆ,

ಈ ಬೆಳಿಗ್ಗೆ ಎದ್ದಾಗ ಅಮ್ಮನ ಚಾಪೆ ನನ್ನ ಮಂಚದ ಪಕ್ಕದಲ್ಲಿತ್ತು. ಅವಳು ಮೊಣಕಾಲೂರಿ ಪ್ರಾರ್ಥನೆ ಮಾಡುವ ಚಾಪೆ. ಯಾವಾಗಲೂ ಅಡುಗೆಮನೆಯ ಗೋಡೆಗೆ ಸುತ್ತಿಟ್ಟಿರುತ್ತದೆ. ಇವತ್ತು ನನ್ನ ದಿಂಬಿನ ನೇರಕ್ಕೆ ಹಾಸಿತ್ತು. ಅದರ ಮೇಲಿನ ಹಳೆಯ ಕಂಬಳಿಯಲ್ಲಿ ಮೊಣಕಾಲಿನ ಗುರುತು ಇನ್ನೂ ಹಾಗೆಯೇ ಇತ್ತು. ನಾನು ಮಲಗಿದ್ದಾಗ ಅಮ್ಮ ನನ್ನ ತಲೆಯ ಹತ್ತಿರ ಕೂತು ಏನನ್ನೋ ಕೇಳಿಕೊಂಡಿದ್ದಾಳೆ. ಯಾಕೆ ಎಂದು ಕೇಳಿದೆ. "ಒಳಗೆ ಸೆಕೆ ಕಣವ್ವ, ಅದ್ಕೇ ಇತ್ಲಾಗೆ ಬಂದೆ" ಎಂದಳು. ಫೆಬ್ರವರಿಯಲ್ಲಿ, ಸೂರ್ಯ ಹುಟ್ಟುವ ಮೊದಲು, ನಂಜನಗೂಡಿನಲ್ಲಿ ಯಾರಿಗೆ ಸೆಕೆಯಾಗುತ್ತದೆ?

ಫೋನು ಮಾಡದೆ ಯಾಕೆ ಬರೆಯುತ್ತಿದ್ದೇನೆಂದು ನಿಮಗೆ ಗೊತ್ತು. ನಿಮ್ಮ ಕಿವಿಗೆ ಮುಟ್ಟುವಂತೆ ಕೂಗಿದರೆ ನಮ್ಮ ಬೀದಿಗೆಲ್ಲ ಸುದ್ದಿ. ನನ್ನ ದನಿಯೋ ತರಗತಿಯ ಕೊನೆಯ ಬೆಂಚಿಗೇ ಹೋಗುವುದಿಲ್ಲ. ಉತ್ತರವನ್ನು ಮನೆಗೆ ಕಳಿಸಬೇಡಿ, ನಾನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಕಳಿಸಿ.

ಹೋದ ಶುಕ್ರವಾರ ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ ಇತ್ತು. ನಮ್ಮ ಚರ್ಚಿನ ಸಭೆಯ ಹೆಂಗಸರು ವಾರಕ್ಕೊಂದು ಮನೆಯಲ್ಲಿ ಸೇರುತ್ತಾರೆ. ಮೊದಲು ಒಬ್ಬೊಬ್ಬರೇ ಎದ್ದು ತಮ್ಮ ಪ್ರಾರ್ಥನೆಯ ವಿಷಯ ಹೇಳುತ್ತಾರೆ. ಮಗನ ಕೆಲಸ, ಮಂಡಿನೋವು, ಸುಟ್ಟುಹೋದ ಪಂಪ್‌ಸೆಟ್ಟು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಒಟ್ಟಿಗೆ ಗಟ್ಟಿಯಾಗಿ ಬೇಡುತ್ತಾರೆ. ಬೇಡುವಾಗ ಕರ್ತರು ಯಾರಿಗಾದರೂ ಏನಾದರೂ ತೋರಿಸಿದರೆ ಅದನ್ನು ಅಲ್ಲೇ ಹೇಳಬೇಕು. ಹೆಚ್ಚಾಗಿ ತೋರಿಸುವುದು ಪುಟ್ಟಲಕ್ಷ್ಮಕ್ಕನಿಗೆ. ಅವರಿಗೆ ದೀಕ್ಷಾಸ್ನಾನದಲ್ಲಿ ಪ್ರಿಸಿಲ್ಲಾ ಎಂದು ಹೆಸರಿಟ್ಟರು, ಆದರೆ ಪಾಸ್ಟರ್ ಕೂಡ ಪುಟ್ಟಲಕ್ಷ್ಮಮ್ಮ ಎಂದೇ ಕರೆಯುತ್ತಾರೆ.

ನಾನು ಪ್ರಾರ್ಥನೆಯಲ್ಲಿ ಕಣ್ಣನ್ನು ಪೂರ್ತಿ ಮುಚ್ಚುವುದಿಲ್ಲ. ಅದೊಂದು ಚಾಳಿ. ಪುಟ್ಟಲಕ್ಷ್ಮಕ್ಕ ಮಾತಾಡುವ ಮೊದಲು ಸೆರಗು ಸರಿಮಾಡಿಕೊಂಡದ್ದನ್ನು ನೋಡಿದೆ. ಆಮೇಲೆ ನಡುಗುವ ದನಿಯಲ್ಲಿ ಹೇಳಿದರು: "ನೀರು ನೀರು ಸೇರೋ ಜಾಗ ಕಾಣ್ತಾ ಅದೆ. ದಡದಲ್ಲಿ ಒಬ್ಬ ಯುವಕ ದೀಪ ಹಿಡ್ಕೊಂಡು ನಿಂತವ್ನೆ. ಈ ಮನೆ ಮಗಳಿಗೆ ದಾರಿ ತೋರುಸ್ತಾವ್ನೆ." ಎಲ್ಲರೂ ಸ್ತೋತ್ರ, ಸ್ತೋತ್ರ ಎಂದರು. ಅಮ್ಮ ಅತ್ತಳು.

ಭಾನುವಾರ ನಿಮ್ಮ ಊರಿನಿಂದ, ನಿಮ್ಮ ಹಿಂದಿನ ಬೀದಿಯ ಚನ್ನಯ್ಯನವರ ಮನೆಯವರು "ಸುಮ್ನೆ ಇತ್ಲಾಗಿ ಬಂದಿದ್ವಿ" ಎಂದು ಬಂದರು. ಮಗ ಜೀವನ್, ನಮ್ಮೂರ ಪಕ್ಕದ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅವನು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಟೀ ಕುಡಿದ. ನೀರು ನೀರು ಸೇರುವ ಜಾಗವೆಂದರೆ ನಿಮ್ಮೂರ ತಿರುಮಕೂಡಲೇ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ನಮ್ಮೂರಲ್ಲೂ ಗುಂಡ್ಲುಹೊಳೆ ಕಪಿಲೆಗೆ ಸೇರುತ್ತದೆ. ಆ ಪ್ರಕಾರ ನಾನು ಮನೆಯಲ್ಲೇ ಇದ್ದುಬಿಡಬಹುದು.

ಇನ್ನೊಂದು ಮಾತು. ಅವರಿಗೆ ಟೀ ಕೊಟ್ಟ ಗಾಜಿನ ಲೋಟಗಳು ಹೊಸವು. ಅಮ್ಮ ಅವನ್ನು ತಂದದ್ದು ಗುರುವಾರ. ದರ್ಶನ ಆದದ್ದು ಶುಕ್ರವಾರ.

ನನ್ನ ಅಭಿಪ್ರಾಯ ಕೇಳಿದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಪ್ರಾರ್ಥನೆ ಮಾಡಿ ಹೇಳ್ತೀನಿ" ಎಂದು ಒಳಗೆ ಹೋದೆ.

ಬನ್ನೂರಿನ ವಸತಿ ಶಾಲೆಯವರು ಕನ್ನಡ ಟೀಚರ್ ಕೆಲಸಕ್ಕೆ ನನ್ನನ್ನು ಆರಿಸಿದ್ದಾರೆ. ಜೂನ್ ಒಂದಕ್ಕೆ ಬಂದು ಸೇರಬೇಕಂತೆ, ಅಲ್ಲೇ ಉಳಿಯಬೇಕಂತೆ. ಅಮ್ಮನಿಗೆ ಹೇಳಿದೆ. "ಅದ್ನೂ ಕರ್ತರನ್ನೇ ಕೇಳಾವ. ಮದ್ವೆ ಆದ್ಮೇಲೆ ಆ ಹುಡ್ಗ ಏನಂತಾನೋ" ಎಂದಳು.

ಅತ್ತೆ, ನೀವು ನಗಬೇಡಿ. ನಿಜವಾಗಿ ಕರ್ತರೇ ಹೇಳಿದ್ದರೆ ನಾನು ಇಲ್ಲ ಎನ್ನಲಾರೆ. ಹೇಳಿದ್ದು ಅವರೋ ಬೇರೆ ಯಾರೋ ಎಂಬುದು ನನಗೆ ಗೊತ್ತಾಗಬೇಕು. ನೀವು ಆ ಮನೆಯವರನ್ನು ಬಲ್ಲಿರಿ. ಸ್ವಲ್ಪ ವಿಚಾರಿಸುತ್ತೀರಾ?

ನಿಮ್ಮ
ಸಂಘಮಿತ್ರಾ


ತಿ. ನರಸೀಪುರ
10 ಫೆಬ್ರವರಿ 2025

ಮಿತ್ರಾ,

ಕಾಗದ ಬಂತು. ನಗಬೇಡಿ ಅಂತ ಬರೆದಿದ್ದೆ. ನಕ್ಕೆ. ನಮ್ಮೂರ ಸಂಗಮದಲ್ಲಿ ದೀಪ ಹಿಡಿದುಕೊಂಡು ನಿಲ್ಲುವವರು ತೆಪ್ಪದವರು ಮಾತ್ರ.

ಆ ಹುಡುಗ ನನಗೆ ಚೆನ್ನಾಗಿ ಗೊತ್ತು. ಮೂರು ವರ್ಷದ ಮಗುವಾಗಿದ್ದಾಗ ನನ್ನ ಅಂಗನವಾಡಿಗೇ ಬರುತ್ತಿದ್ದ. ಉಪ್ಪಿಟ್ಟು ಸೇರುತ್ತಿರಲಿಲ್ಲ. ಬೇಡ ಅನ್ನುವುದಕ್ಕೆ ಬಾಯಿ ಬರುತ್ತಿರಲಿಲ್ಲ. ತುತ್ತನ್ನು ದವಡೆಯಲ್ಲಿ ಇಟ್ಟುಕೊಂಡು ಮನೆಗೆ ಹೋಗುವವರೆಗೂ ಕೂತಿರುತ್ತಿದ್ದ. ಅವರವ್ವ ಬಂದು ಕೆನ್ನೆ ಒತ್ತಿ ತೆಗೆಸಬೇಕು. ಕೆಟ್ಟವನಲ್ಲ. ಇಷ್ಟು ಮಾತ್ರ ಹೇಳಬಲ್ಲೆ.

ವಿಚಾರಿಸು ಅಂತೀಯ. ವಿಚಾರಿಸೋಣ. ಅದಕ್ಕೆ ಮೊದಲು ನೀನು ಒಂದು ಹೇಳು. ನಿನಗೆ ಅವನು ಬೇಕೋ, ಬೇಡವೋ? ಕಾಗದದ ಉದ್ದಕ್ಕೂ ಹುಡುಕಿದೆ. ನಿಮ್ಮವ್ವ ಏನಂದಳು, ಪುಟ್ಟಲಕ್ಷ್ಮಿ ಏನಂದಳು, ದೇವರು ಏನಂದ, ಎಲ್ಲ ಇದೆ. ನಿನ್ನದು ಮಾತ್ರ ಇಲ್ಲ. ನಿಮ್ಮಪ್ಪನೂ ಹೀಗೇ ಇದ್ದ. ಅಂಗಡಿಗೆ ಹೋದರೂ ಯಾವ ಬಣ್ಣದ ಶರಟು ಬೇಕು ಅಂತ ಹೇಳುತ್ತಿರಲಿಲ್ಲ. ಅಕ್ಕ, ನೀನೇ ನೋಡು ಅನ್ನೋನು.

ನಿನ್ನ ಅತ್ತೆ
ಚಲುವಮ್ಮ


ನಂಜನಗೂಡು
22 ಫೆಬ್ರವರಿ 2025

ಪ್ರೀತಿಯ ಅತ್ತೆಗೆ,

ನನಗೆ ಬೇಕೋ ಬೇಡವೋ ಎಂಬುದು ಇಲ್ಲಿ ದೊಡ್ಡ ಮಾತಲ್ಲ. ಅದನ್ನು ಕೇಳಿದರೆ ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಮಗು ಇನ್ನೂ ಬೆಳೆದಿಲ್ಲ ಎಂಬಂತೆ. ನಮ್ಮ ಇಷ್ಟವನ್ನು ಕೆಳಗಿಟ್ಟು ಅವರ ಚಿತ್ತವನ್ನು ಕೇಳಬೇಕು ಎಂದು ನನಗೆ ಹತ್ತನೇ ತರಗತಿಯಿಂದ ಹೇಳಿಕೊಟ್ಟಿದ್ದಾರೆ. ನಾನು ಅದನ್ನು ನಂಬಿದ್ದೇನೆ. ನಿಮಗೆ ಬುದ್ಧನ ಫೋಟೊ ಇದ್ದರೆ ಸಾಕು. ನನಗೆ ಮಾತಾಡಲು ಒಬ್ಬರು ಬೇಕು.

ಅಪ್ಪ ಹೋದಾಗ ಏನಾಯಿತೆಂದು ನಿಮಗೂ ಗೊತ್ತು. ನೆಂಟರೆಲ್ಲ ಮಣ್ಣು ಮುಗಿಸಿ ಬಸ್ಸು ಹತ್ತಿದರು. ಅಮ್ಮ ಎದ್ದು ಒಲೆ ಹಚ್ಚುವವರೆಗೆ ದಿನಾ ಬಂದು ಅನ್ನ ಮಾಡಿಟ್ಟವರು ಈ ಹೆಂಗಸರು. ಪುಟ್ಟಲಕ್ಷ್ಮಕ್ಕ ಅಮ್ಮನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಅವರ ಮೇಲೆ ಅನುಮಾನ ಪಡುವಾಗ ನನಗೆ ಆ ಬಾಚಣಿಗೆ ಕಣ್ಣಿಗೆ ಬರುತ್ತದೆ. ಆದರೂ ಅನುಮಾನ ಹೋಗುತ್ತಿಲ್ಲ.

ನಿನ್ನೆ ಶುಕ್ರವಾರದ ಪ್ರಾರ್ಥನೆಯಲ್ಲಿ ಪುಟ್ಟಲಕ್ಷ್ಮಕ್ಕ ನನ್ನ ಪಕ್ಕದಲ್ಲೇ ಕೂತರು. "ಏನವ್ವ ಮಿತ್ರಾ, ಕರ್ತರು ಏನಾದ್ರೂ ಮಾತಾಡುದ್ರಾ?" ಎಂದರು. ಇಲ್ಲ ಅಕ್ಕ ಎಂದೆ. "ಮಾತಾಡ್ತಾರೆ. ನೀನು ಕಿವಿ ಕೊಡು. ಆ ಹುಡ್ಗನ ಕೈಲಿ ಆಗ್ಲೇ ಮಾತಾಡವ್ರೆ" ಎಂದರು. ಏನೆಂದು ಮಾತಾಡಿದ್ದಾರೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಹಾಡು ಶುರುವಾಯಿತು.

ಜೀವನ್‌ಗೆ ಉತ್ತರ ಸಿಕ್ಕಿದೆ ಎಂದು ಅಮ್ಮನೂ ಹೇಳುತ್ತಾಳೆ. "ಆ ಮಗ ಮೊಣಕಾಲೂರಿ ಬೇಡ್ಕೊಂಡವ್ನೆ. ಒಪ್ಗೆ ಸಿಕ್ಕದೆ. ನಿಂಗ್ಯಾಕೆ ಇನ್ನೂ ಸಿಕ್ಕಿಲ್ಲ?" ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ನಾನು ಹೆದರುತ್ತೇನೆ. ಕ್ಯಾಲೆಂಡರ್ ನೋಡುತ್ತ ಕೂತಿದ್ದ ಹುಡುಗನ ಜೊತೆ ಮಾತಾಡಿದ ದೇವರು ನನ್ನ ಜೊತೆ ಯಾಕೆ ಮಾತಾಡುತ್ತಿಲ್ಲ? ಒಂದೊಂದು ಸಲ ಅನಿಸುತ್ತದೆ, ಅವರು ಮಾತಾಡುತ್ತಿದ್ದಾರೆ, ಕೇಳಿಸಿಕೊಳ್ಳಲು ನನಗೇ ಮನಸ್ಸಿಲ್ಲ ಎಂದು. ನನ್ನ ಅನುಮಾನದ ಮೇಲೂ ನನಗೆ ಅನುಮಾನ.

ದಯವಿಟ್ಟು ನಿಮ್ಮೂರಿನ ಪ್ರಾರ್ಥನಾ ಕೂಟಕ್ಕೆ ಒಂದು ಸಲ ಹೋಗಿ ಬನ್ನಿ. ಅವನ ತಾಯಿ ತಪ್ಪದೆ ಹೋಗುತ್ತಾರಂತೆ. ಜಗಳ ಮಾಡಬೇಡಿ. ನೋಡಿಕೊಂಡು ಬಂದರೆ ಸಾಕು.

ನಿಮ್ಮ
ಮಿತ್ರಾ


ತಿ. ನರಸೀಪುರ
9 ಮಾರ್ಚ್ 2025

ಮಿತ್ರಾ,

ಮಂಗಳವಾರ ಹೋಗಿದ್ದೆ. ಬುದ್ಧ ವಿಹಾರಕ್ಕೆ ಉಡುವ ಬಿಳಿ ಸೀರೆಯನ್ನೇ ಉಟ್ಟುಕೊಂಡು ಹೋದೆ, ಯಾರೂ ಏನೂ ಅನ್ನಲಿಲ್ಲ. ಕೂರಲು ಕುರ್ಚಿ ಕೊಟ್ಟರು, ನೀರು ಕೊಟ್ಟರು. ಒಬ್ಬಾಕೆ ಬಂದು ನಿಮ್ಮ ವಿಷಯ ಏನಮ್ಮ ಅಂದಳು. ಏನು ಹೇಳಲಿ? ಕಿವಿ ಅಂದೆ. ಅಷ್ಟೇ ಸಾಕಾಯಿತು. ಎಲ್ಲರೂ ಸುತ್ತ ನಿಂತು ನನ್ನ ಎರಡೂ ಕಿವಿಯ ಮೇಲೆ ಕೈಯಿಟ್ಟು ಕೂಗಿದರು. ಕೊನೆಗೆ ಪಾಸ್ಟರು ಬಗ್ಗಿ, ಕೇಳಿಸ್ತಾ ಅಮ್ಮ ಅಂದರು. ಮೈಕಿದ್ದರೆ ಕೇಳಿಸ್ತದೆ ಅಂದೆ. ಪಾಪ, ಅವರೂ ನಕ್ಕರು.

ಮೈಕು ಇತ್ತು, ಅದಕ್ಕೇ ಈ ಕಾಗದ ಬರೆಯುವುದಕ್ಕೆ ಆಯಿತು. ನನ್ನನ್ನು ಸ್ಪೀಕರ್ ಡಬ್ಬದ ಪಕ್ಕದಲ್ಲೇ ಕೂರಿಸಿದ್ದರು. ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳುವವರು ಬನ್ನಿ ಅಂದಾಗ ಚನ್ನಯ್ಯನ ಹೆಂಡತಿ ಎದ್ದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಂಜನಗೂಡಿನ ಮಗಳಿಗೆ ಕರ್ತರು ನೇರವಾಗಿ ಮಾತಾಡವ್ರೆ. ನನ್ನ ಮಗನ್ನೇ ತೋರ್ಸವ್ರೆ. ಆ ಮಗಳೇ ಬಾಯಿಬಿಟ್ಟು ಒಪ್ಕೊಂಡವ್ಳೆ. ಅಂತಾದ್ರಲ್ಲಿ ನಾವ್ಯಾರು ಬ್ಯಾಡ ಅನ್ನಕ್ಕೆ?" ಎಲ್ಲರೂ ಆಮೆನ್ ಅಂದರು.

ಹುಡುಗ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನ ಕೆನ್ನೆ ನೋಡಿದೆ. ಉಪ್ಪಿಟ್ಟು ಅಲ್ಲೇ ಇತ್ತು.

ಈಗ ನೀನು ಹೇಳು. ನಿನಗೆ ದೇವರು ಯಾವಾಗ ಮಾತಾಡಿದ? ನೀನು ಯಾವಾಗ ಒಪ್ಪಿದೆ? ಅವನಿಗೆ ಸಿಕ್ಕಿದೆ ಅಂತ ನಿಮ್ಮ ಮನೆಯವರು ಹೇಳುತ್ತಾರೆ, ನಿನಗೆ ಸಿಕ್ಕಿದೆ ಅಂತ ಅವರ ಮನೆಯವರು ಹೇಳುತ್ತಾರೆ. ಇಬ್ಬರ ಮನೆಯಲ್ಲೂ ದೇವರು ಪಕ್ಕದೂರಿಗೇ ಹೋಗಿರುತ್ತಾನೆ.

ಅತ್ತೆ
ಚಲುವಮ್ಮ


ನಂಜನಗೂಡು
30 ಮಾರ್ಚ್ 2025

ಅತ್ತೆಗೆ,

ಉತ್ತರ ಬರೆಯಲು ತಡವಾಯಿತು. ತಡವಾದದ್ದಲ್ಲ, ಬರೆಯಲಿಲ್ಲ.

ನೀವು ಕೂಟಕ್ಕೆ ಹೋದ ಸುದ್ದಿ ನಿಮ್ಮ ಕಾಗದಕ್ಕಿಂತ ಮೊದಲೇ ಇಲ್ಲಿಗೆ ಬಂದಿತ್ತು. ಮಿತ್ರಾಳ ಅತ್ತೆ ಕಿವಿಗೆ ಪ್ರಾರ್ಥನೆ ಮಾಡಿಸಿಕೊಂಡರಂತೆ ಎಂದು ಹೆಂಗಸರಿಗೆಲ್ಲ ಸಂತೋಷ. ಅಮ್ಮನಿಗೆ ಮಾತ್ರ ಸಂತೋಷವಾಗಲಿಲ್ಲ. "ಅವ್ರು ಕಿವಿಗೋಸ್ಕರ ಓಗಿಲ್ಲ. ನನ್ನ ಮನೆ ಬೇಹು ನೋಡಕ್ಕೆ ಓಗವ್ರೆ. ಯಾರು ಕಳ್ಸುದ್ದು?" ಎಂದು ನನ್ನನ್ನು ನೋಡಿದಳು. ನಾನು ಕಳಿಸಿದೆ ಎಂದು ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಾಯಿತು.

ಆಗ ಧೈರ್ಯ ಮಾಡಿ ಲೋಟದ ಮಾತು ತೆಗೆದೆ. ದರ್ಶನಕ್ಕೆ ಮೊದಲೇ ಲೋಟ ಹೇಗೆ ಬಂತಮ್ಮ ಎಂದೆ. ಅವಳು ಗಾಬರಿಯಾಗುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ. ಚನ್ನಯ್ಯನವರ ಮನೆಯ ಸಂಬಂಧದ ಮಾತು ಜನವರಿಯಲ್ಲೇ ಬಂದಿತ್ತಂತೆ. ಅವಳು ಅದನ್ನು ಪುಟ್ಟಲಕ್ಷ್ಮಕ್ಕನಿಗೆ ಪ್ರಾರ್ಥನೆಯ ವಿಷಯವಾಗಿ ಕೊಟ್ಟಿದ್ದಳಂತೆ. ನರಸೀಪುರದ ಹುಡುಗ, ಒಳ್ಳೆಯ ಮಗು, ಕರ್ತರ ಚಿತ್ತವಾದರೆ ಆಗಲಿ ಎಂದು. ಪುಟ್ಟಲಕ್ಷ್ಮಕ್ಕ ಮೂರು ವಾರ ಅದನ್ನೇ ಬೇಡಿದರಂತೆ. "ಹಾಗಾದರೆ ಅವರು ನೋಡಿದ್ದು ನೀನು ಹೇಳಿದ್ದನ್ನೇ ಅಲ್ವಾ?" ಎಂದೆ.

ಅಮ್ಮ ಒಂದು ಲೋಟವನ್ನು ಒರೆಸಿ ಕೆಳಗಿಟ್ಟಳು. "ಕೇಳ್ಕೊಂಡಿದ್ದೇ ಬಂತು. ಅದ್ನಲ್ವಾ ಉತ್ತರ ಅನ್ನದು?" ಎಂದಳು.

ಅವಳು ಸುಳ್ಳು ಹೇಳುತ್ತಿಲ್ಲ. ಪುಟ್ಟಲಕ್ಷ್ಮಕ್ಕನೂ ಹೇಳಿಲ್ಲ. ಮೂರು ವಾರ ಕಣ್ಣು ಮುಚ್ಚಿ ನರಸೀಪುರ, ನರಸೀಪುರ ಎಂದು ಬೇಡಿದವರಿಗೆ ನೀರು ಕಾಣದೆ ಇನ್ನೇನು ಕಾಣಬೇಕು?

ಆಮೇಲೆ ಅಮ್ಮ ಇನ್ನೊಂದು ಮಾತು ಹೇಳಿದಳು. "ನಿಮ್ಮತ್ತೆ ಒಂಟಿಯಾಗವ್ರೆ. ಬನ್ನೂರ ಕೆಲ್ಸ ತೋರ್ಸಿ ನಿನ್ನ ಅತ್ಲಾಗೆ ಎಳ್ಕೊಳ್ತಾವ್ರೆ. ನಮ್ಮ ಸಭೆ ಕಂಡ್ರೆ ಅವ್ರಿಗೆ ಮೊದ್ಲಿಂದ್ಲೂ ಆಗದಿಲ್ಲ."

ಬನ್ನೂರಿನ ಶಾಲೆಯ ಜಾಹೀರಾತನ್ನು ಕತ್ತರಿಸಿ ಕಳಿಸಿದವರು ನೀವೇ. ಸಾಕ್ಷಿಯಲ್ಲಿ ಆಕೆ ಏನು ಹೇಳಿದರು ಎಂಬುದಕ್ಕೆ ನಿಮ್ಮ ಮಾತಲ್ಲದೆ ನನಗೆ ಬೇರೆ ಆಧಾರವಿಲ್ಲ. ನಿಮಗೆ ಕಿವಿಯೂ ಸರಿಯಾಗಿ ಕೇಳಿಸುವುದಿಲ್ಲ. ಹೀಗೆ ಬರೆಯಲು ನನಗೆ ಇಷ್ಟವಿಲ್ಲ. ಆದರೂ ಕೇಳುತ್ತೇನೆ. ಅಮ್ಮ ಹೇಳಿದ್ದು ನಿಜವೇ?

ಸಂಘಮಿತ್ರಾ


ತಿ. ನರಸೀಪುರ
6 ಏಪ್ರಿಲ್ 2025

ಮಿತ್ರಾ,

ಹೌದು. ನೀನು ಬನ್ನೂರಿಗೆ ಬಂದರೆ ಶನಿವಾರ ಶನಿವಾರ ಬಸ್ಸು ಹತ್ತಿ ನನ್ನ ಮನೆಗೆ ಬರುತ್ತೀಯ ಅಂತ ಆಸೆ ಪಟ್ಟಿದ್ದೆ. ಒಳಗಿನ ಕೋಣೆಗೆ ಸುಣ್ಣವನ್ನೂ ಹೊಡೆಸಿದೆ. ಅದನ್ನು ನಿನಗೆ ಹೇಳಿರಲಿಲ್ಲ.

ಸಾಕ್ಷಿಯ ಮಾತು ಮಾತ್ರ ಒಂದಕ್ಷರ ಹೆಚ್ಚು ಕಡಿಮೆ ಬರೆದಿಲ್ಲ. ನಂಬಬೇಡ ಅಂದರೂ ಸರಿಯೇ. ಆ ಹುಡುಗ ದಿನಾ ಕೆಲಸ ಬಿಟ್ಟು ಬರುವಾಗ ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲೇ ನಮ್ಮೂರ ಬಸ್ಸಿಗೆ ಕಾಯುತ್ತಾನೆ. ನನ್ನನ್ನು ಕೇಳುವುದು ಬಿಟ್ಟು ಅವನನ್ನೇ ಕೇಳು.

ಚಲುವಮ್ಮ


ನಂಜನಗೂಡು
27 ಏಪ್ರಿಲ್ 2025

ಪ್ರೀತಿಯ ಅತ್ತೆಗೆ,

ನಿಮ್ಮ ಹೋದ ಕಾಗದವನ್ನು ಎರಡು ಸಲ ಓದಿದೆ. ಆ ಕೋಣೆಗೆ ಯಾವ ಬಣ್ಣ ಹೊಡೆಸಿದಿರಿ ಎಂದು ಕೇಳಬೇಕೆನಿಸಿತು.

ನಿಶ್ಚಿತಾರ್ಥವನ್ನು ಮೇ ಹದಿನೆಂಟರ ಭಾನುವಾರ ಆರಾಧನೆಯ ನಂತರ ಎಂದು ಗೊತ್ತು ಮಾಡಿದ್ದಾರೆ. ನನ್ನನ್ನು ಯಾರೂ ಮತ್ತೆ ಕೇಳಲಿಲ್ಲ. ನಾನು ಪ್ರಾರ್ಥನೆ ಮಾಡಿ ಹೇಳುತ್ತೇನೆ ಎಂದಿದ್ದೆನಲ್ಲ, ಇಲ್ಲ ಎಂದಿಲ್ಲವಲ್ಲ, ಅಷ್ಟು ಸಾಕಾಯಿತು.

ಜೀವನ್‌ನನ್ನು ನೋಡಲು ಬಸ್ ಸ್ಟ್ಯಾಂಡಿಗೆ ಹೋದೆ. ಒಂದು ದಿನ ಅಲ್ಲ. ಎಷ್ಟೋ ದಿನ ಹೋಗಿ, ಕಡಲೆಕಾಯಿ ಮಾರುವವಳ ಹಿಂದೆ ನಿಂತು, ಅವನು ಬಸ್ಸು ಹತ್ತುವುದನ್ನು ನೋಡಿ ವಾಪಸು ಬಂದೆ. ಅವನು ಕಂಪನಿಯ ನೀಲಿ ಅಂಗಿಯಲ್ಲೇ ಇರುತ್ತಾನೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬೇರೆಯವರು ಕೂತ ಮೇಲೆ ಕೂರುತ್ತಾನೆ. ಅದನ್ನು ನೋಡಿ ಸ್ವಲ್ಪ ಭಯ ಹೋಯಿತು. ಕೊನೆಗೆ ಶುಕ್ರವಾರ ಅವನೇ ನನ್ನ ಹತ್ತಿರ ಬಂದ.

"ಏನ್ರೀ, ದಿನಾ ನಿಂತ್ಕೊಂಡು ನಂಗೆ ಹೆದ್ರುಸ್ತೀರ?" ಎಂದ.

ನೋಡಿದ್ದನೆಂದು ಗೊತ್ತಿರಲಿಲ್ಲ. ನೇರವಾಗಿ ಕೇಳಿಬಿಟ್ಟೆ, ಇಲ್ಲದಿದ್ದರೆ ಮತ್ತೆ ಬಾಯಿ ಬರುತ್ತಿರಲಿಲ್ಲ. "ಕರ್ತರು ನಿಮ್ಮ ಜೊತೆ ಮಾತಾಡಿದ್ರಾ?"

"ನನ್ ಜೊತೆ ಯಾವಾಗ್ ಮಾತಾಡುದ್ರು?" ಎಂದ. "ನಿಮ್ ಜೊತೆ ಮಾತಾಡುದ್ರು ಅಂದ್ರು."

ಅತ್ತೆ, ನಿಮ್ಮ ಸಾಕ್ಷಿ ಸರಿಯಾಗಿತ್ತು. ಕ್ಷಮಿಸಿ.

ಅವನ ತಾಯಿ ಕೇಳಿದಾಗ ಅವನೂ ಪ್ರಾರ್ಥನೆ ಮಾಡಿ ಹೇಳ್ತೀನಿ ಎಂದನಂತೆ. "ಇಲ್ಲ ಅಂತ ಹೆಂಗ್ರೀ ಅನ್ನದು? ಹೆತ್ತವ್ರ ಮುಂದೆ. ಆ ಮಾತು ಹೇಳುದ್ರೆ ಒಂದಷ್ಟು ದಿನ ಬುಡ್ತಾರೆ ಅಂದ್ಕೊಂಡೆ. ನಮ್ಮವ್ವ ಮಗ ಪ್ರಾರ್ಥನೆಗೆ ಕೂತವ್ನೆ ಅಂತ ನಿಮ್ಮನೇಗೆ ಹೇಳ್ಬುಟ್ಟವ್ರೆ." ಅದೇ ಮಾತು ನಮ್ಮ ಮನೆಗೆ ಬರುವಷ್ಟರಲ್ಲಿ ಉತ್ತರ ಸಿಕ್ಕಿದೆ ಎಂದಾಗಿತ್ತು. ನನ್ನ ಮಾತು ಅವರ ಮನೆಗೆ ಹೋಗುವಷ್ಟರಲ್ಲಿ ಒಪ್ಪಿಗೆಯೇ ಆಗಿತ್ತು. ಇಬ್ಬರೂ ಒಂದೇ ಬಾಗಿಲ ಹಿಂದೆ ಅಡಗಿಕೊಂಡಿದ್ದೆವು. ಅವನು ನಕ್ಕ. ನಾನೂ ನಕ್ಕೆ. ಕಡಲೆಕಾಯಿಯವಳು ನಮ್ಮಿಬ್ಬರನ್ನೂ ನೋಡಿ ಏನೋ ಅಂದುಕೊಂಡಿರಬೇಕು.

"ನಿಮಗೆ ಈ ಮದುವೆ ಇಷ್ಟ ಇಲ್ವಾ?" ಎಂದೆ.

"ನಿಮ್ ಬಗ್ಗೆ ಏನೂ ಗೊತ್ತಿಲ್ಲ ಕಣ್ರೀ. ನೀವು ಎಂ.ಎ. ಅಂತೆ, ನಂಗೆ ಲೀವ್ ಲೆಟರ್ ಬರ್ಯಕ್ಕೂ ಸೂಪರ್‌ವೈಸರ್ ಬೇಕು. ಇಷ್ಟ ಇಲ್ಲ ಅಂತಲ್ಲ. ಗೊತ್ತಿಲ್ದೆ ಹೂಂ ಅನ್ನಕ್ಕೆ ಭಯ." ಆಮೇಲೆ ದನಿ ತಗ್ಗಿಸಿ ಹೇಳಿದ: "ಒಂದ್ ಕೆಲ್ಸ ಮಾಡಿ. ಕರ್ತರು ಬ್ಯಾಡ ಅಂದ್ರು ಅಂತ ನೀವೇ ಹೇಳ್ಬುಡಿ. ನಮ್ಮವ್ವ ಅದುಕ್ಕೆ ಎದ್ರು ಮಾತಾಡಲ್ಲ."

"ನೀವೇ ಹೇಳಬಹುದಲ್ಲ?"

"ಅಯ್ಯೋ, ನಂಗೆ ಸುಳ್ಳು ಹೇಳಕ್ ಬರಲ್ಲ ಕಣ್ರೀ" ಎಂದ, ಪೂರ್ತಿ ಪ್ರಾಮಾಣಿಕವಾಗಿ. ಅವನ ಬಸ್ಸು ಬಂತು. ಎಲ್ಲರೂ ಹತ್ತುವವರೆಗೆ ಕಾದು ಹತ್ತಿದ.

ಏನು ಮಾಡಲಿ?

ನಿಮ್ಮ
ಮಿತ್ರಾ


ತಿ. ನರಸೀಪುರ
4 ಮೇ 2025

ಮಿತ್ರಾ,

ತಿಳಿ ಹಸಿರು ಬಣ್ಣ.

ಏನು ಮಾಡಲಿ ಅಂತ ಕೇಳುತ್ತೀಯಲ್ಲ, ಆ ಹುಡುಗ ಹೇಳಿದ್ದನ್ನು ಮಾಡು. ಉಪ್ಪಿಟ್ಟು ನುಂಗದಿದ್ದರೂ ಬುದ್ಧಿ ಇದೆ ಅವನಿಗೆ. ಶುಕ್ರವಾರದ ಪ್ರಾರ್ಥನೆಯಲ್ಲಿ ಪುಟ್ಟಲಕ್ಷ್ಮಿಯ ಹಾಗೇ ಕಣ್ಣು ಮುಚ್ಚು. ಸ್ವಲ್ಪ ಹೊತ್ತು ಸುಮ್ಮನಿರು. ಆಮೇಲೆ, ದಡದಲ್ಲಿ ಯಾರೂ ಇಲ್ಲ, ದೀಪ ಆರಿದೆ ಅನ್ನು. ಮುಗಿಯಿತು. ಯಾರಿಗೂ ಅವಮಾನ ಇಲ್ಲ. ಅವರವ್ವ ನಿಮ್ಮವ್ವನ ಮೇಲೆ ಕೋಪ ಮಾಡಿಕೊಳ್ಳುವ ಹಾಗಿಲ್ಲ. ನಿಮ್ಮವ್ವ ನಿನ್ನ ಮೇಲೆ ಮಾಡಿಕೊಳ್ಳುವ ಹಾಗಿಲ್ಲ. ಮೇಲಿನವನ ಮೇಲೆ ಯಾರು ಕೋಪ ಮಾಡಿಕೊಳ್ಳುತ್ತಾರೆ?

ಆ ಮನೆಯಲ್ಲಿ ನಡೆಯುವ ಮಾತು ಅದೊಂದೇ ಕಣಮ್ಮಿ. ಬೇರೆ ಮಾತು ಹೇಳಿದರೆ ನಿನ್ನನ್ನೇ ಕೂರಿಸಿಕೊಂಡು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾರೆ, ನನ್ನ ಕಿವಿಗೆ ಮಾಡಿದ ಹಾಗೆ. ಅವರ ನಡುವೆ ನೀನು ಎಷ್ಟು ಹೊತ್ತು ಬೇಡ ಅಂದುಕೊಂಡು ಕೂತಿರಬಲ್ಲೆ? ನಿನ್ನ ದನಿ ನನಗೆ ಗೊತ್ತು.

ದಿನ ಹೆಚ್ಚಿಲ್ಲ. ಹದಿನೆಂಟು ದೂರವಿಲ್ಲ.

ಅತ್ತೆ
ಚಲುವಮ್ಮ


ನಂಜನಗೂಡು
8 ಮೇ 2025, ಗುರುವಾರ

ಪ್ರೀತಿಯ ಅತ್ತೆಗೆ,

ನೀವು ಹೇಳಿಕೊಟ್ಟದ್ದನ್ನು ಅಭ್ಯಾಸ ಮಾಡಿ ನೋಡಿದೆ. ಇವತ್ತು ಅಮ್ಮ ತರಕಾರಿಗೆ ಹೋದಾಗ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಮಾತು ಬಂತು. ನಾನು ಹುಡುಕಲೇ ಇಲ್ಲ. "ದಡ ಬರಿದಾಗಿದೆ, ನೀರಿನ ಮೇಲೆ ಹೊಗೆ ಇದೆ, ಮಗಳೇ ಹಿಂತಿರುಗು" ಎಂದು ಬಾಯಿ ತಾನೇ ಹೇಳಿತು. ದನಿ ನನ್ನದಲ್ಲ, ಪುಟ್ಟಲಕ್ಷ್ಮಕ್ಕನದು. ಅದೇ ನಡುಕ. ಕೊನೆಯ ಬೆಂಚಿಗೆ ಹೋಗದ ನನ್ನ ದನಿ ಬಚ್ಚಲಿನ ಗೋಡೆಗೆ ಬಡಿದು ತಿರುಗಿ ಬಂತು. ಹೊಗೆಯ ಮಾತು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಒಂದು ಗಳಿಗೆ ಅದು ನಿಜವಾಗಿಯೂ ದರ್ಶನವೇ ಇರಬಹುದೆಂದು ನಂಬಿದೆ. ನಂಬಿದ್ದು ಗೊತ್ತಾಗುತ್ತಲೇ ಬಾಗಿಲು ತೆಗೆದುಬಿಟ್ಟೆ.

ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ, ಅತ್ತೆ. ಈ ಮೂರು ತಿಂಗಳು ಪುಟ್ಟಲಕ್ಷ್ಮಕ್ಕನ ಸೆರಗನ್ನೂ ಅಮ್ಮನ ಲೋಟಗಳನ್ನೂ ನಿಮ್ಮ ಕಾಗದಗಳನ್ನೂ ಕಳ್ಳರನ್ನು ನೋಡುವ ಹಾಗೆ ನೋಡಿದೆ. ನಾಳೆ ನಾನು ಆ ಮಾತು ಹೇಳಿದರೆ ಎಲ್ಲರೂ ನಂಬುತ್ತಾರೆ. ಅಮ್ಮ ಅಳುತ್ತಾಳೆ. ಪುಟ್ಟಲಕ್ಷ್ಮಕ್ಕ ನನ್ನ ತಲೆ ಸವರಿ, ನಿಂಗೂ ದರ್ಶನದ ವರ ಬಂತು ಕಣವ್ವ ಎನ್ನುತ್ತಾರೆ. ಆಮೇಲೆ ಮುಂದಿನ ಶುಕ್ರವಾರ ಯಾರದೋ ಮಗಳ ವಿಷಯ ಬರುತ್ತದೆ, ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಸೆರಗು ಸರಿಮಾಡಿಕೊಳ್ಳುತ್ತೇನೆ.

ಬಚ್ಚಲಿನಿಂದ ಬಂದು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತೆ. ಪ್ರಾರ್ಥನೆ ಮಾಡಿದೆ. ನೀವು ನಂಬುವುದಿಲ್ಲ, ಗೊತ್ತು, ಆದರೂ ಬರೆಯುತ್ತೇನೆ. ಫೆಬ್ರವರಿಯಿಂದ ನಾನು ಬೇಡಿದ್ದೆಲ್ಲ ಒಂದೇ, ನಿಮ್ಮ ಚಿತ್ತ ತಿಳಿಸಿ ಎಂದು. ನೀವು ಮೊದಲ ಕಾಗದದಲ್ಲೇ ಕೇಳಿದ, ಬೇಕೋ ಬೇಡವೋ ಎಂಬ ಪ್ರಶ್ನೆಗೆ ನಾನು ಕರ್ತರಿಗೂ ಉತ್ತರ ಕೊಟ್ಟಿರಲಿಲ್ಲ. ಅವರೂ ಅದನ್ನೇ ಕೇಳುತ್ತ ಕೂತಿದ್ದರೇನೋ. ಇವತ್ತು ಹೇಳಿದೆ. ನನಗೆ ಈ ಮದುವೆ ಬೇಡ, ನನಗೆ ಬನ್ನೂರಿಗೆ ಹೋಗಬೇಕು ಎಂದು, ಕಣ್ಣು ಬಿಟ್ಟುಕೊಂಡು, ಗ್ಯಾಸ್ ಒಲೆಯನ್ನು ನೋಡುತ್ತ ಹೇಳಿದೆ. ಯಾರೂ ಏನೂ ಹೇಳಲಿಲ್ಲ. ಯಾವ ನೀರೂ ಕಾಣಲಿಲ್ಲ. ಆದರೆ ಯಾರೂ ಬೇಡವೆಂದೂ ಹೇಳಲಿಲ್ಲ. ಅದನ್ನು ಉತ್ತರ ಎಂದು ನಾನು ಯಾರ ಮುಂದೆಯೂ ಹೇಳುವುದಿಲ್ಲ. ಅಮ್ಮ ಮಾಡಿದ ತಪ್ಪನ್ನೇ ನಾನು ಮಾಡಬಾರದು.

ಜೂನ್ ಒಂದಕ್ಕೆ ಬನ್ನೂರಿಗೆ ಹೋಗುತ್ತೇನೆ. ಶನಿವಾರ ಹಸಿರು ಕೋಣೆಗೆ ಬರುತ್ತೇನೆ. ಭಾನುವಾರ ಬೆಳಿಗ್ಗೆ ಅಲ್ಲಿಂದಲೇ ಆರಾಧನೆಗೆ ಹೋಗುತ್ತೇನೆ, ನೀವು ಏನೂ ಅನ್ನಬಾರದು. ಜೀವನ್‌ಗೆ ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ, ನಾನು ದರ್ಶನ ಹೇಳುವುದಿಲ್ಲ, ಆದರೆ ಮದುವೆ ನಿಲ್ಲುತ್ತದೆ, ನಿಮ್ಮ ಮನೆಯಲ್ಲಿ ನೀವೂ ಒಂದು ಮಾತು ಆಡಬೇಕಾಗುತ್ತದೆ ಎಂದು. ಅವನ ಮುಖ ಸಣ್ಣದಾಯಿತು. "ಪ್ರಾರ್ಥನೆ ಮಾಡಿ" ಎಂದು ಶುರು ಮಾಡಿ, ನನ್ನನ್ನು ನೋಡಿ, ನಿಲ್ಲಿಸಿದ.

ನಾಳೆಯ ಪ್ರಾರ್ಥನೆ ಪುಟ್ಟಲಕ್ಷ್ಮಕ್ಕನ ಮನೆಯಲ್ಲಿ. ವಿಷಯ ಹೇಳುವ ಹೊತ್ತಿಗೆ, ಎಲ್ಲರೂ ಇನ್ನೂ ಕಣ್ಣು ಬಿಟ್ಟಿರುವಾಗಲೇ, ಎದ್ದು ನಿಲ್ಲುತ್ತೇನೆ. ನನಗೆ ಈ ಮದುವೆ ಬೇಡ ಎನ್ನುತ್ತೇನೆ. ಅವರು ತಲೆಯ ಮೇಲೆ ಕೈಯಿಟ್ಟರೆ ಇಡಲಿ, ಮುಗಿದ ಮೇಲೆ ಮತ್ತೆ ಹೇಳುತ್ತೇನೆ. ಅಮ್ಮ ಏನು ಕೇಳುತ್ತಾಳೆಂದು ನನಗೆ ಗೊತ್ತು. ಕರ್ತರು ಹೇಳುದ್ರಾ ಎಂದು ಕೇಳುತ್ತಾಳೆ.

ಇಲ್ಲಮ್ಮ, ನಾನು ಹೇಳ್ತಿದೀನಿ ಎನ್ನುತ್ತೇನೆ.

ನಿಮ್ಮ
ಸಂಘಮಿತ್ರಾ